ವಾಲ್ವು ಆಂಪ್ಲಿಫೈಯರಿಗೆ ಹಲಗೆಯ ಸ್ಪೀಕರು ಹೊಂದುವ ಬಗೆ

ಮನೆಯಲ್ಲಿ ಸಂಗೀತ ಕೇಳುವ ಸಾಧನವನ್ನು ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ, "ಇದು ಎಷ್ಟು ವಾಟ್?" ಎಂಬುದು. ಅಂಗಡಿಯವರೂ ಸಂತೋಷದಿಂದಲೇ ಉತ್ತರ ಕೊಡುತ್ತಾರೆ. ವಾಟ್ ಏರಿದಂತೆ ಬೆಲೆಯೂ ಏರುತ್ತದಷ್ಟೆ. ಹಿಂದಿನ ಕಾಲದ ವಾಲ್ವು ರೇಡಿಯೋ ಪೆಟ್ಟಿಗೆಯ ಒಡೆಯರಿಗೆ ಈ ತೊಡಕು ಇರಲಿಲ್ಲ. ಪೆಟ್ಟಿಗೆಯೊಳಗಿನ ವಾಲ್ವು, ಅದರ ಟ್ರಾನ್ಸ್‌ಫಾರ್ಮರು, ಕಾಗದದ ಶಂಕುವಿನ ಸ್ಪೀಕರು ಇವಿಷ್ಟನ್ನೂ ಕಾರ್ಖಾನೆಯವರೇ ಒಂದಕ್ಕೊಂದು ಹೊಂದಿಸಿ ಕಳುಹಿಸುತ್ತಿದ್ದರು. ಆಂಪ್ಲಿಫೈಯರನ್ನೂ ಸ್ಪೀಕರನ್ನೂ ಬೇರೆಬೇರೆಯಾಗಿ ಕೊಂಡು ತರುವ ಪದ್ಧತಿ ಬಂದ ಮೇಲೆ ಜಾತಕ ಕೂಡಿಸುವ ಹೊಣೆ ಮನೆಯವರ ಮೇಲೆ ಬಿದ್ದಿತು. ಕೂಡದಿದ್ದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತೆ ಆಗುತ್ತದೆ. ಎರಡೂ ಉತ್ತಮವಾದ ಸಾಧನಗಳೇ ಆಗಿದ್ದರೂ ಕೇಳುವ ಕಿವಿಗೆ ಸುಖವಿಲ್ಲ.

ಸಾಮಾನ್ಯ ಶಂಕು ಸ್ಪೀಕರಿನ ವಿಷಯದಲ್ಲಿ ಈ ಹೊಂದಾಣಿಕೆ ಅಷ್ಟೇನೂ ಕಷ್ಟವಲ್ಲ. ಹಲಗೆಯಂತೆ ಚಪ್ಪಟೆಯಾಗಿ ನಿಲ್ಲುವ ಸ್ಪೀಕರುಗಳ ವಿಷಯದಲ್ಲಿ ಮಾತ್ರ ವಾಟಿನ ಲೆಕ್ಕ ಬಹುಮಟ್ಟಿಗೆ ದಾರಿ ತಪ್ಪಿಸುತ್ತದೆ. ತಪ್ಪಿದರೆ ನಷ್ಟವೂ ಸಣ್ಣದಲ್ಲ. ಹೆಚ್ಚು ಬಲದ ಆಂಪ್ಲಿಫೈಯರನ್ನು ಜೋಡಿಸಿ, ಒಂದು ಸಂಜೆಯ ಸಡಗರದಲ್ಲಿ ಬಹಳ ಬೆಲೆಯ ಹಲಗೆಯೊಂದನ್ನು ಸುಟ್ಟುಕೊಳ್ಳುವುದು ಸಾಧ್ಯ. ಆದುದರಿಂದ ಈ ಹಲಗೆ ಹೇಗೆ ಕೆಲಸ ಮಾಡುತ್ತದೆ, ಅದು ಆಂಪ್ಲಿಫೈಯರಿನಿಂದ ಏನನ್ನು ಬೇಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಉದಾಹರಣೆಗೆ ಇಂಗ್ಲೆಂಡಿನ ಹಂಟಿಂಗ್‌ಡನ್ ಎಂಬ ಊರಿಗೆ ಹೋಗಬೇಕು. ಪೀಟರ್ ವಾಕರ್ ಎಂಬವರು 1936ರಲ್ಲಿ ಲಂಡನಿನಲ್ಲಿ ಒಂದು ಸಣ್ಣ ಕಂಪನಿಯನ್ನು ಆರಂಭಿಸಿದರು. ಯುದ್ಧಕಾಲದಲ್ಲಿ, 1941ರಲ್ಲಿ, ಅದು ಹಂಟಿಂಗ್‌ಡನ್ನಿಗೆ ಬಂದಿತು. ಈ ಕಂಪನಿ 'ಕ್ವಾಡ್' ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. 1953ರಲ್ಲಿ ಅವರು ಹೊರತಂದ 'ಕ್ವಾಡ್ 2' ಆಂಪ್ಲಿಫೈಯರು ಎರಡು ಕೆಟಿ66 ವಾಲ್ವುಗಳಿಂದ 15 ವಾಟ್ ಶಕ್ತಿಯನ್ನು ಕೊಡುತ್ತಿದ್ದಿತು. 1955ರಲ್ಲಿ ವಾಕರ್ ಅವರು 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಹೊಸ ಬಗೆಯ ಸ್ಪೀಕರಿನ ತತ್ತ್ವವನ್ನು ಲೇಖನಮಾಲೆಯಾಗಿ ಬರೆದರು. ಡಿ. ಟಿ. ಎನ್. ವಿಲಿಯಮ್‌ಸನ್ ಅವರ ನೆರವಿನಿಂದ ರೂಪುಗೊಂಡ ಆ ಸ್ಪೀಕರು 1957ರಲ್ಲಿ ಮಾರಾಟಕ್ಕೆ ಬಂದಿತು. ಈ ವಿಲಿಯಮ್‌ಸನ್ ಬೇರೆ ಯಾರೂ ಅಲ್ಲ. 1947ರಲ್ಲಿ ತಮ್ಮ ಹೆಸರಿನ ಆಂಪ್ಲಿಫೈಯರಿನ ನಕ್ಷೆಯನ್ನು ಅದೇ ಪತ್ರಿಕೆಯಲ್ಲಿ ಪ್ರಕಟಿಸಿ, ಮನೆಯಲ್ಲಿ ಬೆಸುಗೆ ಹಾಕುವ ಹವ್ಯಾಸಿಗಳ ಕಣ್ಮಣಿಯಾದವರೇ. ಸ್ಪೀಕರಿನ ತಯಾರಿಕೆ 1985ರವರೆಗೂ ನಡೆಯಿತು. ವಾಲ್ವನ್ನೂ ಹಲಗೆಯನ್ನೂ ಒಂದೇ ಮನೆಯವರು ಯೋಚಿಸಿ ಮಾಡಿದ ಜೋಡಿ ಇದು. ಹೊಂದಾಣಿಕೆ ಎಂದರೇನು ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು.

ಸಾಮಾನ್ಯ ಸ್ಪೀಕರಿನಲ್ಲಿ ತಂತಿಯ ಸುರುಳಿಯೊಂದು ಅಯಸ್ಕಾಂತದ ನಡುವೆ ಹಿಂದು ಮುಂದಾಗಿ ಕದಲುತ್ತದೆ. ಅದು ಕಾಗದದ ಶಂಕುವನ್ನು ನಡುವಿನಲ್ಲಿ ಹಿಡಿದು ತಳ್ಳುತ್ತದೆ. ನಡುವನ್ನು ತಳ್ಳಿದರೆ ಅಂಚು ಸ್ವಲ್ಪ ತಡವಾಗಿ, ತನ್ನದೇ ರೀತಿಯಲ್ಲಿ ಅಲುಗುತ್ತದೆ. ಅಗಲವಾದ ಮೊರವನ್ನು ಒಂದೇ ಬೆರಳಿನಿಂದ ತಳ್ಳಿದಂತೆ. ಹಲಗೆಯ ಸ್ಪೀಕರಿನಲ್ಲಿ ಈ ಬೆರಳು ಇಲ್ಲ. ರಂಧ್ರಗಳುಳ್ಳ ಎರಡು ಫಲಕಗಳು ಎದುರುಬದುರಾಗಿ ನಿಂತಿರುತ್ತವೆ. ಅವುಗಳ ನಡುವಿನ ಸಂದಿಯಲ್ಲಿ ಕೂದಲೆಳೆಗಿಂತ ಎಷ್ಟೋ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದಿರುತ್ತಾರೆ. ಹಾಳೆಗೆ ಸಾವಿರಾರು ವೋಲ್ಟ್‌ಗಳ ವಿದ್ಯುತ್ತನ್ನು ಊಡಿ ಹಾಗೆಯೇ ನಿಲ್ಲಿಸಿರುತ್ತಾರೆ. ಕ್ವಾಡಿನಲ್ಲಿ ಮಂದ್ರಸ್ವರದ ಹಲಗೆಗಳಿಗೆ ಸುಮಾರು 6000 ವೋಲ್ಟ್, ತಾರಸ್ವರದ ಹಲಗೆಗೆ ಸುಮಾರು 1500 ವೋಲ್ಟ್. ಸಂಗೀತದ ಸಂಕೇತವನ್ನು ಎರಡು ಫಲಕಗಳಿಗೆ ಕೊಟ್ಟಾಗ ಒಂದು ಫಲಕ ಹಾಳೆಯನ್ನು ಸೆಳೆಯುತ್ತದೆ, ಇನ್ನೊಂದು ನೂಕುತ್ತದೆ. ಈ ಬಲ ಹಾಳೆಯ ಮೈಮೇಲೆಲ್ಲ ಒಂದೇ ಸಮನಾಗಿ ಬೀಳುವುದರಿಂದ ಹಾಳೆ ಇಡಿಯಾಗಿ ಕದಲುತ್ತದೆ. ಹಾಳೆಯ ತೂಕವೂ ಅದರ ಪಕ್ಕದ ಗಾಳಿಯ ತೂಕಕ್ಕೆ ಹೋಲಿಸುವಷ್ಟು ಹಗುರ. ತಂಬೂರಿಯ ತಂತಿ ಮೀಟಿದೊಡನೆ ಏಳುವ ಜೀವಾಳಿ, ಗಾಯಕರು ಪದದ ನಡುವೆ ಎಳೆದುಕೊಳ್ಳುವ ಉಸಿರು, ವೀಣೆಯ ಮೆಟ್ಟಿಲ ಮೇಲೆ ಬೆರಳು ಜಾರುವ ಸದ್ದು, ಇಂಥವನ್ನು ಈ ಬಗೆಯ ಸ್ಪೀಕರು ತೋರಿಸುವಷ್ಟು ನಿಚ್ಚಳವಾಗಿ ತೋರಿಸುವ ಶಂಕು ಸ್ಪೀಕರುಗಳು ಬಹಳ ಕಡಮೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಆಂಪ್ಲಿಫೈಯರಿನ ಕಡೆಯಿಂದ ನೋಡಬೇಕು. ಎದುರುಬದುರಾದ ಎರಡು ಫಲಕಗಳು, ನಡುವೆ ಗಾಳಿ. ರೇಡಿಯೋ ಬಿಚ್ಚಿ ನೋಡಿದವರಿಗೆ ಇದು ಚಿರಪರಿಚಿತವಾದ ವಸ್ತು: ಕಂಡೆನ್ಸರು. ಶಂಕು ಸ್ಪೀಕರಿನ ಸುರುಳಿ ಆಂಪ್ಲಿಫೈಯರಿಗೆ ಒಡ್ಡುವ ತಡೆಗೂ ಕಂಡೆನ್ಸರು ಒಡ್ಡುವ ತಡೆಗೂ ಸ್ವಭಾವದಲ್ಲೇ ಭೇದವಿದೆ. ಕಂಪನಸಂಖ್ಯೆ ಏರಿದಂತೆಲ್ಲ ಕಂಡೆನ್ಸರಿನ ತಡೆ ಇಳಿಯುತ್ತ ಹೋಗುತ್ತದೆ. ಕ್ವಾಡ್ ಸ್ಪೀಕರಿನ ಬೆನ್ನ ಮೇಲೆ ಬರೆದಿರುವುದು ಸುಮಾರು 15 ಓಮ್ ಎಂದಾದರೂ, ಅದು ಕಂಪನಸಂಖ್ಯೆಗಳಿಗೆಲ್ಲ ಸಲ್ಲುವ ಮಾತಲ್ಲ. ಮಂದ್ರಸ್ಥಾಯಿಯಲ್ಲಿ ಆ ತಡೆ 30 ಓಮಿನ ಆಸುಪಾಸಿಗೆ ಏರುತ್ತದೆ. ಕಿವಿಗೆ ಕೇಳುವ ತೀರ ಮೇಲಿನ ಅಂಚಿನಲ್ಲಿ, ಸೆಕೆಂಡಿಗೆ 18,000 ಕಂಪನದ ಬಳಿ, 2 ಓಮಿನ ಹತ್ತಿರಕ್ಕೆ ಇಳಿಯುತ್ತದೆ. ಒಬ್ಬನೇ ಅತಿಥಿ ಬೆಳಗ್ಗೆ ಒಂದು ಇಡ್ಲಿ ಸಾಕೆಂದು, ಸಂಜೆ ಹದಿನೈದು ಬೇಕೆಂದರೆ ಅಡುಗೆಮನೆಯವರ ಗತಿ ಏನಾದೀತೋ ಆಂಪ್ಲಿಫೈಯರಿನ ಗತಿಯೂ ಅದೇ.

ವಾಲ್ವಿಗೆ ಈ ಅತಿಥಿಯನ್ನು ಸುಧಾರಿಸುವುದು ಸುಲಭವಲ್ಲ. ವಾಲ್ವು ಹುಟ್ಟಿನಿಂದ ಹೆಚ್ಚು ಒತ್ತಡದ, ಕಡಮೆ ಪ್ರವಾಹದ ಸಾಧನ. ನೂರಾರು ವೋಲ್ಟ್ ಇರುತ್ತದೆ, ಪ್ರವಾಹ ಮಾತ್ರ ಆಂಪಿಯರಿನ ಸಣ್ಣದೊಂದು ಪಾಲು. ಅದನ್ನು ಸ್ಪೀಕರಿಗೆ ಬೇಕಾದ ಕಡಮೆ ಒತ್ತಡಕ್ಕೂ ಹೆಚ್ಚು ಪ್ರವಾಹಕ್ಕೂ ತಿರುಗಿಸಲೆಂದೇ ಆಂಪ್ಲಿಫೈಯರಿನ ಕೊನೆಯಲ್ಲಿ ಭಾರವಾದ ಟ್ರಾನ್ಸ್‌ಫಾರ್ಮರು ಕುಳಿತಿರುತ್ತದೆ. ತಮಾಷೆ ಏನೆಂದರೆ ಹಲಗೆಯ ಸ್ಪೀಕರಿನೊಳಗೂ ಒಂದು ಟ್ರಾನ್ಸ್‌ಫಾರ್ಮರು ಇದೆ. ಅದು ಬಂದ ಒತ್ತಡವನ್ನು ಮತ್ತೆ ಸಾವಿರಾರು ವೋಲ್ಟ್‌ಗಳಿಗೆ ಏರಿಸಿ ಫಲಕಗಳಿಗೆ ಕೊಡುತ್ತದೆ. ಅತ್ತ ಇಳಿಸುವುದು, ಇತ್ತ ಏರಿಸುವುದು! ನಡುವಿನ ಈ ಎರಡನ್ನೂ ಕಿತ್ತೆಸೆದು ವಾಲ್ವುಗಳಿಂದಲೇ ನೇರವಾಗಿ ಫಲಕಗಳನ್ನು ನಡೆಸುವ ಆಂಪ್ಲಿಫೈಯರುಗಳನ್ನು ಅಮೆರಿಕದಲ್ಲಿ ಕೆಲವರು 1970ರ ದಶಕದಲ್ಲಿ ಮಾಡಿ ಮಾರಿದ್ದೂ ಉಂಟು. ಆ ಯಂತ್ರಗಳೊಳಗಿನ ಒತ್ತಡವನ್ನು ನೆನೆದರೆ ಅವು ಮಕ್ಕಳಿರುವ ಮನೆಗೆ ಹೇಳಿಸಿದವಲ್ಲ.

ಎಲ್ಲ ಆಂಪ್ಲಿಫೈಯರಿಗೂ ತನ್ನದೇ ಆದ ಒಳತಡೆ ಎಂಬುದೊಂದು ಇರುತ್ತದೆ. ಇದೇ ಇಲ್ಲಿನ ಮುಖ್ಯ ವಿಷಯ. ಆಂಪ್ಲಿಫೈಯರಿನ ಒತ್ತಡ ಈ ಒಳತಡೆಗೂ ಸ್ಪೀಕರಿನ ತಡೆಗೂ ಹಂಚಿಹೋಗುತ್ತದೆ. ಸ್ಪೀಕರಿಗೆ ಸಿಕ್ಕಿದ್ದಷ್ಟೇ ಸಂಗೀತ. ಒಳತಡೆ 2 ಓಮ್ ಇರುವ ಆಂಪ್ಲಿಫೈಯರೊಂದನ್ನು ಊಹಿಸಿಕೊಳ್ಳಿ. ಮಂದ್ರದಲ್ಲಿ ಸ್ಪೀಕರಿನ ತಡೆ 30 ಓಮ್ ಆದುದರಿಂದ ನೂರಕ್ಕೆ 93ಕ್ಕೂ ಹೆಚ್ಚು ಪಾಲು ಸ್ಪೀಕರಿಗೇ ದಕ್ಕುತ್ತದೆ. ತಾರದ ತುದಿಯಲ್ಲಿ ಸ್ಪೀಕರಿನ ತಡೆಯೂ 2 ಓಮೇ ಆದಾಗ ದಕ್ಕುವುದು ನೂರಕ್ಕೆ 50ರಿಂದ 70ರ ನಡುವೆ ಮಾತ್ರ. ಫಲಿತಾಂಶ ಕಿವಿಗೆ ಸ್ಪಷ್ಟ. ತಾಳದ ಝಣತ್ಕಾರ ಮಸುಕಾಗುತ್ತದೆ, ಪಿಟೀಲಿನ ಮೇಲಿನ ಹೊಳಪು ಆರುತ್ತದೆ. "ವಾಲ್ವಿನ ಧ್ವನಿ ಬಹಳ ಮೃದು" ಎಂದು ಕೆಲವರು ಮೆಚ್ಚುವುದುಂಟು. ಆ ಮೃದುತ್ವದಲ್ಲಿ ಒಂದು ಪಾಲು ವಾಲ್ವಿನ ಗುಣವಲ್ಲ, ಜೋಡಿ ಕೂಡದಿರುವುದರ ಗುರುತು. ಒಂದೇ ಟ್ರಯೋಡ್ ವಾಲ್ವಿನಿಂದ ಕೆಲವೇ ವಾಟ್ ಕೊಡುವ, ಹಿಂಪೂರಣ ಸ್ವಲ್ಪವೂ ಇಲ್ಲದ ಆಂಪ್ಲಿಫೈಯರುಗಳಿಗೆ ಇಂದು ಅಭಿಮಾನಿಗಳು ಅನೇಕರಿದ್ದಾರೆ. ಅವುಗಳ ಒಳತಡೆ ಸಾಮಾನ್ಯವಾಗಿ ಹೆಚ್ಚು. ಸುಲಭವಾಗಿ ನುಡಿಯುವ ದೊಡ್ಡ ಶಂಕು ಸ್ಪೀಕರಿಗೆ ಅವು ಸೊಗಸಾದಾವು. ಈ ಹಲಗೆಗೆ ಸಲ್ಲವು.

ವಾಕರ್ ಅವರು ಇದನ್ನು ನಿಭಾಯಿಸಿದ ಬಗೆ ಸ್ವಾರಸ್ಯವಾಗಿದೆ. ಕ್ವಾಡ್ 2ರ ಟ್ರಾನ್ಸ್‌ಫಾರ್ಮರಿನ ಸುರುಳಿಯ ಒಂದು ಭಾಗವನ್ನು ಅವರು ವಾಲ್ವುಗಳ ಕ್ಯಾಥೋಡಿನ ದಾರಿಯಲ್ಲಿ ಸೇರಿಸಿದರು. ಹೊರಗೆ ಹೋದ ಸಂಕೇತದ ಒಂದು ಪಾಲು ಹೀಗೆ ವಾಲ್ವಿಗೇ ಮರಳಿ ಬಂದು, ಹೆಚ್ಚಾದುದನ್ನು ತಗ್ಗಿಸಿ ಕಡಮೆಯಾದುದನ್ನು ತುಂಬುತ್ತದೆ. ಇದರ ಮೇಲೆ ಇಡೀ ಆಂಪ್ಲಿಫೈಯರನ್ನು ಸುತ್ತುವ ಇನ್ನೊಂದು ಹಿಂಪೂರಣವೂ ಇದೆ. ಇವೆರಡರಿಂದ ಒಳತಡೆ ಇಳಿಯುತ್ತದೆ. ಆದರೆ ಹಿಂಪೂರಣವನ್ನು ಮಿತಿಮೀರಿ ಕೊಟ್ಟರೆ ಕಂಡೆನ್ಸರಿನಂಥ ಹೊರೆ ಸಿಕ್ಕಿದಾಗ ಆಂಪ್ಲಿಫೈಯರು ತಾನೇ ತಾನಾಗಿ ಕೂಗತೊಡಗುತ್ತದೆ. ಕೆಲವು ಸಲ ಆ ಕೂಗು ಕಿವಿಗೆ ಕೇಳಿಸದಷ್ಟು ಮೇಲಿನದು. ಸ್ಪೀಕರು ಬಿಸಿಯಾಗುವವರೆಗೆ ಮನೆಯವರಿಗೆ ತಿಳಿಯುವುದೇ ಇಲ್ಲ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಎಂದರೆ, ಈ ಆಂಪ್ಲಿಫೈಯರನ್ನು ಕಂಡೆನ್ಸರಿನ ಹೊರೆಯ ಮೇಲೆ ಪರೀಕ್ಷಿಸಿದ್ದಾರೆಯೇ ಎಂಬುದು. ವಾಟ್ ಎಷ್ಟು ಎಂಬುದು ಅದರ ನಂತರದ ಮಾತು.

ವಾಟಿನ ಮಾತಿಗೇ ಬರೋಣ. ಕಂಡೆನ್ಸರು ಶಕ್ತಿಯನ್ನು ಉಣ್ಣುವ ವಸ್ತುವಲ್ಲ. ಪಡೆದುದನ್ನು ಬಹುಪಾಲು ಹಿಂದಕ್ಕೆ ಕೊಡುತ್ತದೆ. ಹಲಗೆಯಿಂದ ಸದ್ದು ಹೊರಡಿಸುವುದು ವೋಲ್ಟು. 15 ವಾಟ್ ಆಂಪ್ಲಿಫೈಯರು 15 ಓಮ್ ತಡೆಗೆ ಕೊಡುವ ಒತ್ತಡ 15 ವೋಲ್ಟ್. ಅಲೆಯ ಶಿಖರದಲ್ಲಿ ಅದು 21 ವೋಲ್ಟಿಗೆ ಏರುತ್ತದೆ. ಕ್ವಾಡ್ ಸ್ಪೀಕರು ತಡೆದುಕೊಳ್ಳಬಲ್ಲ ಶಿಖರದ ಮಿತಿ 33 ವೋಲ್ಟ್ ಎಂದು ತಯಾರಕರೇ ಹೇಳಿದ್ದರು. ಕ್ವಾಡ್ 2ನ್ನು ಪೂರ್ತಿ ತಿರುಗಿಸಿದರೂ ಸ್ಪೀಕರು ಸುರಕ್ಷಿತ. ಈಗ ಇಂದಿನ 100 ವಾಟ್ ಆಂಪ್ಲಿಫೈಯರೊಂದನ್ನು ತನ್ನಿ. 8 ಓಮಿಗೆ 100 ವಾಟ್ ಎಂದರೆ 28 ವೋಲ್ಟಿಗಿಂತ ಸ್ವಲ್ಪ ಹೆಚ್ಚು. ಶಿಖರದಲ್ಲಿ 40 ವೋಲ್ಟ್. ಗುಂಡಿಯನ್ನು ಮಕ್ಕಳು ಯಾರಾದರೂ ಒಮ್ಮೆ ಪೂರ್ತಿ ತಿರುಗಿಸಿದರೆ ಫಲಕಗಳ ನಡುವೆ ಕಿಡಿ ಹಾರಿ ಹಾಳೆಯಲ್ಲಿ ತೂತು ಬೀಳುತ್ತದೆ. ಹಳೆಯ ಕ್ವಾಡಿನಲ್ಲಿ ಇದನ್ನು ತಡೆಯುವ ಕಾವಲು ಇಲ್ಲ. 1981ರಲ್ಲಿ ಬಂದ ಅದರ ತಮ್ಮ, ಇಎಸ್ಎಲ್-63ರಲ್ಲಿ, ಕಿಡಿಯ ಮುನ್ಸೂಚನೆ ಕಂಡೊಡನೆ ಸಂಕೇತವನ್ನು ಮೊಟಕುಮಾಡುವ ಏರ್ಪಾಡನ್ನು ಸೇರಿಸಿದರು.

ಹಳೆಯ ಕ್ವಾಡ್ 2 ಸಿಗದವರು ಬೇರೆ ವಾಲ್ವು ಆಂಪ್ಲಿಫೈಯರನ್ನು ಹೇಗೆ ಹೊಂದಿಸಬೇಕು? ಅನೇಕ ಆಂಪ್ಲಿಫೈಯರುಗಳ ಹಿಂಬದಿಯಲ್ಲಿ 4, 8, 16 ಓಮ್ ಎಂದು ಬರೆದ ಮೂರು ತಿರುಪುಗಳಿರುತ್ತವೆ. ಸ್ಪೀಕರಿನ ಮೇಲೆ 15 ಎಂದು ಬರೆದಿದೆಯಲ್ಲಾ ಎಂದು 16ಕ್ಕೆ ಜೋಡಿಸುವವರೇ ಹೆಚ್ಚು. 16ರಿಂದ 4ಕ್ಕೆ ಬದಲಿಸಿದರೆ ಒತ್ತಡ ಅರ್ಧವಾಗುತ್ತದೆ, ಒಳತಡೆ ಮಾತ್ರ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಿಂದಿನ ಲೆಕ್ಕದ 2 ಓಮ್ ಅರ್ಧ ಓಮ್ ಆಗಿ, ತಾರದ ತುದಿಯಲ್ಲೂ ಸ್ಪೀಕರಿಗೆ ನೂರಕ್ಕೆ 80ಕ್ಕೆ ಕಡಮೆಯಿಲ್ಲದಷ್ಟು ದಕ್ಕುತ್ತದೆ. ಮಸುಕಾಗಿದ್ದ ತಾಳ ಮತ್ತೆ ಹೊಳೆಯುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಒತ್ತಡದ ನಷ್ಟ. 15 ವಾಟಿನದಾದರೆ ಸದ್ದು ಸಾಲದೆ ಹೋದೀತು. 50 ವಾಟಿನ ವಾಲ್ವು ಆಂಪ್ಲಿಫೈಯರಾದರೆ 4 ಓಮಿನ ತಿರುಪಿನಲ್ಲಿ 14 ವೋಲ್ಟ್ ಕೊಡುತ್ತದೆ, ಅಂದರೆ 15 ವಾಟಿನ ಕ್ವಾಡ್ 2 ಕೊಡುತ್ತಿದ್ದಷ್ಟೇ. ಕಾಗದದ ಮೇಲೆ ಮೂರರಷ್ಟು ದೊಡ್ಡದಾದ ಯಂತ್ರ ಹಲಗೆಯ ಪಾಲಿಗೆ ಸಮಾನವಾಯಿತು, ಹಲಗೆಯೂ ಉಳಿಯಿತು. ಎರಡು ತಿರುಪುಗಳಲ್ಲೂ ಒಂದೊಂದು ವಾರ ಕೇಳಿ ನೋಡುವುದೇ ಉತ್ತಮ. ತಂತಿ ಬದಲಿಸುವ ಮುನ್ನ ಆಂಪ್ಲಿಫೈಯರನ್ನು ಆರಿಸಲೇಬೇಕು; ಸ್ಪೀಕರಿನ ಹೊರೆಯಿಲ್ಲದೆ ವಾಲ್ವು ಆಂಪ್ಲಿಫೈಯರನ್ನು ನುಡಿಸಿದರೆ ಅದರ ಟ್ರಾನ್ಸ್‌ಫಾರ್ಮರು ಕೆಡುವ ಅಪಾಯವಿದೆ. ಟ್ರಾನ್ಸಿಸ್ಟರು ಯಂತ್ರಗಳಲ್ಲಿ ಅಭ್ಯಾಸವಾದವರು ಇದನ್ನು ಮರೆಯುವುದು ಸಹಜ.

ಚಪ್ಪಟೆ ಸ್ಪೀಕರುಗಳೆಲ್ಲ ಕಂಡೆನ್ಸರುಗಳಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಜಿಮ್ ವೈನಿ ಎಂಬ ಎಂಜಿನಿಯರು 1969ರಲ್ಲಿ ಆರಂಭಿಸಿದ ಮ್ಯಾಗ್ನೆಪಾನ್ ಕಂಪನಿಯ ಹಲಗೆಗಳಲ್ಲಿ ಹಾಳೆಗೆ ತಂತಿಯನ್ನು ಅಂಟಿಸಿ ಅದನ್ನು ಅಯಸ್ಕಾಂತಗಳ ಸಾಲಿನ ಎದುರು ನಿಲ್ಲಿಸಿರುತ್ತಾರೆ. ಇದಕ್ಕೆ ಸಾವಿರ ವೋಲ್ಟಿನ ಹಂಗಿಲ್ಲ. ತಡೆ ಸುಮಾರು 4 ಓಮ್, ಅದೂ ಹೆಚ್ಚುಕಡಮೆ ಒಂದೇ ಸಮನಾಗಿ. ವಾಲ್ವಿಗೆ ಇದಕ್ಕಿಂತ ಸಾಧುವಾದ ಹೊರೆ ಬೇಡ. ಆದರೆ ಇದು ಕಂಡೆನ್ಸರಿನಂತೆ ಮರಳಿಸುವ ಜಾತಿಯಲ್ಲ, ವಾಟನ್ನು ವಾಟಾಗಿಯೇ ಉಣ್ಣುತ್ತದೆ, ಹೊಟ್ಟೆಯೂ ದೊಡ್ಡದು. 15 ವಾಟಿನಿಂದ ಇದು ಜೋರಾಗಿ ನುಡಿಯಲಾರದು. 1970ರ ದಶಕದ ಆರಂಭದಲ್ಲಿ ಈ ಹಲಗೆಗಳನ್ನು ಮಾರುತ್ತಿದ್ದವರು ಅದೇ ರಾಜ್ಯದ ಆಡಿಯೋ ರಿಸರ್ಚ್ ಎಂಬ, ದೊಡ್ಡ ವಾಲ್ವು ಆಂಪ್ಲಿಫೈಯರುಗಳ ತಯಾರಕರೇ ಎಂಬುದು ಅರ್ಥಪೂರ್ಣವಾಗಿದೆ.

ವಾಲ್ವಿನಲ್ಲಿ ಏನೋ ಮಾಯೆಯಿದೆ ಎಂದು ನಂಬುವವರಿಗೆ ವಾಕರ್ ಅವರೇ ಉತ್ತರ ಕೊಟ್ಟಿದ್ದಾರೆ. 1967ರಲ್ಲಿ ಅವರ ಕಂಪನಿ ಟ್ರಾನ್ಸಿಸ್ಟರಿನ ಕ್ವಾಡ್ 303ನ್ನೂ 1975ರಲ್ಲಿ ಕ್ವಾಡ್ 405ನ್ನೂ ಹೊರತಂದಿತು. 1978ರಲ್ಲಿ ಇಂಗ್ಲೆಂಡಿನಲ್ಲಿ, ಯಾವುದು ನುಡಿಯುತ್ತಿದೆ ಎಂದು ಹೇಳದೆ, ವಾಲ್ವಿನ ಕ್ವಾಡ್ 2 ಸೇರಿ ಈ ಮೂರನ್ನೂ ಅನುಭವಿಗಳಾದ ಕೇಳುಗರ ಮುಂದೆ ಪರೀಕ್ಷಿಸಿದಾಗ, ಅವರು ಒಂದನ್ನು ಇನ್ನೊಂದರಿಂದ ಬೇರ್ಪಡಿಸಲಾರದೆ ಹೋದರು. ಮಿತಿಯೊಳಗೆ, ತಕ್ಕ ಹೊರೆಯ ಮೇಲೆ ನಡೆಸಿದ ಒಳ್ಳೆಯ ಆಂಪ್ಲಿಫೈಯರುಗಳ ನಡುವಿನ ಅಂತರ ಅಷ್ಟು ಸಣ್ಣದು. ಹೊರೆ ಹೊಂದದಾಗಿನ ಅಂತರವನ್ನು ಯಾರೂ ಗುರುತಿಸಬಲ್ಲರು.

ಮನೆಯಲ್ಲಿ ಇಡುವ ಜಾಗದ ಬಗ್ಗೆ ಒಂದೆರಡು ಮಾತು. ಕ್ವಾಡ್ ಹಲಗೆಗೆ ಹಿಂದೆ ಪೆಟ್ಟಿಗೆಯಿಲ್ಲ. ಮುಂದಕ್ಕೆ ನುಡಿದಷ್ಟೇ ಹಿಂದಕ್ಕೂ ನುಡಿಯುತ್ತದೆ. ಗೋಡೆಗೆ ಒರಗಿಸಿಟ್ಟರೆ ಹಿಂದಿನ ಸದ್ದು ಬಡಿದು ಬಂದು ಮುಂದಿನದನ್ನು ಕಲಕುತ್ತದೆ. ಮೂರು ನಾಲ್ಕು ಅಡಿಯಾದರೂ ಗೋಡೆಯಿಂದ ದೂರವಿರಬೇಕು. ನಮ್ಮ ಪಟ್ಟಣದ ಮನೆಗಳ ನಡುಮನೆಯಲ್ಲಿ ಇದು ಸಣ್ಣ ಬೇಡಿಕೆಯಲ್ಲ. ತಾರಸ್ವರಗಳು ಕಿರಿದಾದ ಓಣಿಯಲ್ಲಿ ಹೋದಂತೆ ನೇರವಾಗಿ ಹೋಗುವುದರಿಂದ ಚೆನ್ನಾಗಿ ಕೇಳಿಸುವುದು ಎದುರಿಗಿರುವ ಒಂದೆರಡು ಕುರ್ಚಿಗಳಿಗೆ ಮಾತ್ರ. ಮನೆಮಂದಿಯೆಲ್ಲ ಸುತ್ತ ಕುಳಿತು ನಾಟಕ ಕೇಳುವುದಕ್ಕೆ ಹಳೆಯ ಪೆಟ್ಟಿಗೆಯ ಸ್ಪೀಕರೇ ಮೇಲು. ಮೃದಂಗದ ತೊಪ್ಪಿಯ ಗುಮಕಿಯನ್ನು ಹಲಗೆ ಶುದ್ಧವಾಗಿ ಕೊಡುತ್ತದಾದರೂ ಎದೆಗೆ ಬಡಿಯುವಂತೆ ಕೊಡಲಾರದು. ಮಧ್ಯಮ ತರಂಗದ ರೇಡಿಯೋ ಪ್ರಸಾರದಲ್ಲಿ ತಾರದ ಮೇಲ್ಭಾಗವನ್ನು ಕತ್ತರಿಸಿಯೇ ಕಳುಹಿಸುವುದರಿಂದ, ಅದನ್ನು ಕೇಳಲು ಈ ಜೋಡಿಗೆ ಹಣ ಸುರಿಯುವುದು ವ್ಯರ್ಥ. ಎಫ್.ಎಂ. ಪ್ರಸಾರದ ಸಂಗೀತ ಕಚೇರಿಗೆ, ಒಳ್ಳೆಯ ಮುದ್ರಿಕೆಗೆ ಮಾತ್ರ ಇದರ ಶ್ರಮ ಸಾರ್ಥಕವಾದೀತು.

ನಮ್ಮ ಹವೆಯೂ ಒಂದು ಕಷ್ಟವೇ. ಹಾಳೆಗೆ ಊಡಿದ ವಿದ್ಯುತ್ತು ಅಲ್ಲೇ ನಿಲ್ಲಬೇಕು. ಗಾಳಿಯಲ್ಲಿ ತೇವ ಹೆಚ್ಚಿದರೆ ಸೋರಿಹೋಗುತ್ತದೆ, ಸದ್ದು ಕುಗ್ಗುತ್ತದೆ. ಮಂಗಳೂರು, ಕಾರವಾರಗಳ ಮಳೆಗಾಲದಲ್ಲಿ ಇದನ್ನು ನೆನಪಿಡಬೇಕು. ವಿದ್ಯುತ್ತು ಧೂಳನ್ನು ಸೆಳೆಯುವುದರಿಂದ ಬಯಲುಸೀಮೆಯ ಬೇಸಗೆಯೂ ನಿರಪಾಯವಲ್ಲ. ಗುಡಿಸುವಾಗ ಹಲಗೆಯ ಮೇಲೆ ಬಟ್ಟೆ ಹೊದಿಸುವುದು ಒಳ್ಳೆಯದು. ನುಡಿಸುವ ಮುನ್ನ ಮರೆಯದೆ ತೆಗೆಯಬೇಕು. ಸ್ಪೀಕರು ನಿರಂತರವಾಗಿ ಗೋಡೆಯ ಪ್ಲಗ್ಗಿನಲ್ಲಿಯೇ ಇದ್ದರೆ ಹಾಳೆ ವಿದ್ಯುತ್ತು ತುಂಬಿಕೊಂಡೇ ಇರುತ್ತದೆ, ಖರ್ಚು ಕೆಲವೇ ವಾಟ್. ಊರಿನ ವಿದ್ಯುತ್ತು 230 ವೋಲ್ಟಿನಿಂದ ಇಳಿದರೆ ಹಳೆಯ ಕ್ವಾಡಿನ ಹಾಳೆಯ ಒತ್ತಡವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ವಾಲ್ವಿನ ಫಿಲಮೆಂಟಿಗೂ ಅದು ಹಿತವಲ್ಲ. ಸಂಜೆ ದೀಪ ಮಂಕಾಗುವ ಊರುಗಳಲ್ಲಿ ಎರಡಕ್ಕೂ ಸೇರಿ ಒಂದು ಸ್ಟೆಬಿಲೈಸರು ಬೇಕು. ಹಿಂಬದಿಯ ಜಾಲರಿಯನ್ನು ಮಾತ್ರ ಯಾವ ಕುತೂಹಲಕ್ಕೂ ಬಿಚ್ಚಬಾರದು. ಪ್ಲಗ್ಗನ್ನು ಕಿತ್ತ ಮೇಲೂ ಒಳಗಿನ ಸಾವಿರಾರು ವೋಲ್ಟ್ ಬಹಳ ಹೊತ್ತು ಉಳಿದಿರುತ್ತದೆ. ರಿಪೇರಿಯನ್ನು ಈ ಸ್ಪೀಕರನ್ನು ಬಲ್ಲ ಕುಶಲಕರ್ಮಿಗೇ ಬಿಡಬೇಕು.